ಕುಂಕುಮ ತಿಂದ ಮದುವೆ ಕತ್ತಿ

ಬಣಕಲ್ ಬಸ್ ನಿಲ್ದಾಣದ ಎದುರಿನ ಸಲೂನಿಗೆ ಮಂಗಳವಾರ ರಜೆ. ಆದರೂ ಬೆಳಗಿನ ಆರು ಗಂಟೆಗೆ ಅದರ ಶಟರ್ ಮೊಣಕಾಲೆತ್ತರಕ್ಕೆ ತೆರೆದಿರುತ್ತದೆ. ಹೊರಗೆ ಮಂಜು. ಚಾರ್ಮಾಡಿ ಘಾಟಿ ಇಳಿಯುವ ಬಸ್ಸುಗಳು ದೀಪ ಹಾಕಿಕೊಂಡೇ ಹೋಗುತ್ತಿವೆ. ಒಳಗೆ ರಜನಿ ನೆಲದ ಮೇಲೆ ಮಣೆ ಹಾಕಿಕೊಂಡು ಕುಳಿತಿದ್ದಾರೆ. ಮುಂದೆ ಒಂದು ಬಟ್ಟಲು ನೀರು, ಅಂಗೈಯಗಲದ ಕಪ್ಪು ಸಾಣೆಕಲ್ಲು, ಎರಡು ಸ್ಟೀಲ್ ಲೋಟ. ಒಂದು ಲೋಟದಲ್ಲಿ ಕಾಫಿ ಬೀಜ, ಇನ್ನೊಂದು ಖಾಲಿ. ಕೈಯಲ್ಲಿರುವುದು ಹಿಡಿಯೊಳಗೆ ಮಡಚಿಕೊಳ್ಳುವ ಹಳೇ ಕಾಲದ ಕ್ಷೌರದ ಕತ್ತಿ. ಕಲ್ಲಿನ ಮೇಲೆ ಇಪ್ಪತ್ತು ಸಲ ಎಳೆಯುತ್ತಾರೆ, ಒಂದು ಬೀಜ ತೆಗೆದು ಖಾಲಿ ಲೋಟಕ್ಕೆ ಹಾಕುತ್ತಾರೆ. ಟಕ್ ಎನ್ನುತ್ತದೆ. ಮತ್ತೆ ಇಪ್ಪತ್ತು, ಮತ್ತೆ ಟಕ್.

ಶಟರನ್ನು ಪೂರ್ತಿ ಎತ್ತದಿರುವುದು ಸೋಮಾರಿತನದಿಂದಲ್ಲ. ಬೆಳಕು ನೆಲದ ಮೇಲೆ ತೆವಳಿಕೊಂಡು ಬರಬೇಕು, ಆಗಲೇ ಕತ್ತಿಯ ಬಾಯಿ ಹೇಗಿದೆ ಎಂದು ತಿಳಿಯುವುದು. ಬಾಯಿ ಎಂದರೆ ಕತ್ತಿಯ ಹರಿತವಾದ ಅಂಚು. ಓರೆ ಬೆಳಕಿಗೆ ಹಿಡಿದಾಗ ಅಲ್ಲೊಂದು ಬಿಳಿ ಗೆರೆ ಕಂಡರೆ ಇನ್ನೂ ಮೊಂಡಾಗಿದೆ ಎಂದು ಲೆಕ್ಕ. ‘ಚೆನ್ನಾಗಿ ಮಸೆದ ಬಾಯಿ ಕಣ್ಣಿಗೆ ಕಾಣೋದೇ ಇಲ್ಲ. ಟ್ಯೂಬ್‌ಲೈಟಲ್ಲಿ ನೋಡಿದ್ರೆ ಎಲ್ಲಾ ಕತ್ತಿನೂ ಒಳ್ಳೇದಾಗೇ ಕಾಣ್ತದೆ, ಹೆಣ್ಣು ನೋಡೋಕೆ ಬಂದೋರ ಹಂಗೆ’ ಎನ್ನುತ್ತಾರೆ ರಜನಿ. ತಲೆಯಿಂದ ಒಂದು ಬಿಳಿಕೂದಲು ಕಿತ್ತು, ಎರಡು ಬೆರಳ ನಡುವೆ ನೆಟ್ಟಗೆ ಹಿಡಿದು ಕತ್ತಿಗೆ ತಾಗಿಸುತ್ತಾರೆ. ಕೂದಲು ತಾನಾಗಿಯೇ ಎರಡಾಗಿ ಬೀಳುತ್ತದೆ. ‘ಮೊದಲು ಕರೀಕೂದಲು, ಸರಿಯಾಗಿ ಕಾಣ್ತಿರ್ಲಿಲ್ಲ. ಈಗ ಅನುಕೂಲ ಆಗಿದೆ.’

ಐವತ್ತೆರಡು ವರ್ಷದ ಈ ಹೆಂಗಸು ಇವತ್ತಿನ ಮಟ್ಟಿಗೆ ಕೂದಲಿನ ಪರೀಕ್ಷೆಯನ್ನು ನಂಬುವ ಹಾಗಿಲ್ಲ. ನಾಳೆ ಬುಧವಾರ ಬೆಳಿಗ್ಗೆ ಈ ಕತ್ತಿ ಒಂದು ಮುಖದ ಮೇಲೆ ಓಡಬೇಕು. ಮುಖ ಅವರ ಮಾವ ಗುರುವಯ್ಯನವರದು. ಎಂಬತ್ತಾರು ವರ್ಷ, ಕೆನ್ನೆಯ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳು. ಕತ್ತಿಯ ಬಾಯಿಯಲ್ಲಿ, ತುದಿಯಿಂದ ಎರಡು ಬೆರಳು ಈಚೆಗೆ, ಕಡಲೆಬೇಳೆಯಷ್ಟು ಒಂದು ಗುಳಿ ಇತ್ತು. ಮಸೆದು ಮಸೆದು ಅದು ಈಗ ಕಾಣುತ್ತಿಲ್ಲ. ನಿಜವಾಗಿಯೂ ಹೋಯಿತೋ, ಉಕ್ಕಿನೊಳಗೆ ಎಲ್ಲಾದರೂ ಬೇರು ಉಳಿದಿದೆಯೋ, ಅದು ಗೊತ್ತಾಗುವುದು ಕೆನ್ನೆಗೆ ಮಾತ್ರ. ಉಳಿದಿದ್ದರೆ ಅಲ್ಲೇ ಮುಕ್ಕಾಗುತ್ತದೆ, ಮುಕ್ಕಾದಲ್ಲಿ ರಕ್ತ ಬರುತ್ತದೆ.

‘ಆ ಗುಳಿ ಮಾಡಿದ್ದು ನಾನೇ’ ಎಂದು ರಜನಿ ತಲೆ ಎತ್ತದೆ ಹೇಳುತ್ತಾರೆ. ಇನ್ನೊಂದು ಬೀಜ ಲೋಟಕ್ಕೆ ಬೀಳುತ್ತದೆ.

ಗುರುವಯ್ಯನವರದು ಮೂರು ತಲೆಮಾರಿನ ಕ್ಷೌರದ ಕಸುಬು. ಸಲೂನು ಎಂಬ ಮಾತು ಈ ಕಡೆ ಇನ್ನೂ ಬರದಿದ್ದಾಗ ಅವರು ಹಡಪವನ್ನು ಹೆಗಲಿಗೆ ಹಾಕಿಕೊಂಡು ಬಣಕಲ್ಲಿನಿಂದ ಬಾಳೂರು, ಬಾಳೂರಿನಿಂದ ಕಳಸದ ತನಕ ಎಸ್ಟೇಟಿನಿಂದ ಎಸ್ಟೇಟಿಗೆ ನಡೆಯುತ್ತಿದ್ದರು. ಹಡಪ ಎಂದರೆ ಕತ್ತಿ, ಕಲ್ಲು, ಬಟ್ಟಲು, ಚರ್ಮದ ಪಟ್ಟಿ ಎಲ್ಲ ಇರುವ ಚೀಲ. ಅದರಲ್ಲಿ ಏಳು ಕತ್ತಿಗಳಿದ್ದವು. ಕೂಲಿ ಲೈನಿನ ಮನೆಗಳವರಿಗೆ ಎರಡು, ಲೆಕ್ಕ ಬರೆಯುವ ರೈಟರು ಮತ್ತು ಮೇಸ್ತ್ರಿಗಳಿಗೆ ಎರಡು, ಮಾಲೀಕರ ಬಂಗಲೆಗೆ ಎರಡು. ಏಳನೆಯದು ಮದುವೆ ಕತ್ತಿ. ಅದನ್ನು ಬೇರೆ ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು. ಮದುಮಗನ ಗಡ್ಡಕ್ಕಲ್ಲದೆ ಬೇರೆ ಯಾರ ಮುಖಕ್ಕೂ ಅದು ತಾಗುತ್ತಿರಲಿಲ್ಲ.

ಬಾಳೂರಿನ ಕಾಫಿ ಬೆಳೆಗಾರ ಪರಮೇಶ್ವರಪ್ಪನವರಿಗೆ ಆ ಕತ್ತಿ ಇವತ್ತಿಗೂ ನೆನಪಿದೆ. ಬಣಕಲ್ಲಿಗೆ ಬಂದಾಗಲೆಲ್ಲ ಸಲೂನಿನ ಬೆಂಚಿನ ಮೇಲೆ ಕುಳಿತು ಅದೇ ಕಥೆ ಹೇಳುತ್ತಾರೆ. ‘ನನ್ನ ಮದುವೆ ದಿನ ಈ ಗುರುವಯ್ಯ ಕೆನ್ನೆ ಮೇಲೆ ಕತ್ತಿ ಇಟ್ಟ ನೋಡಿ, ಹಂಗೇ ನಿದ್ದೆ ಹೋಗ್ಬಿಟ್ಟಿದ್ದೆ. ಧಾರೆ ಮುಹೂರ್ತ ತಪ್ಪೋದ್ರಲ್ಲಿತ್ತು.’

‘ಎಬ್ಬಿಸಿದ್ದಕ್ಕೆ ಇವತ್ತಿಗೂ ಬೈತಾರೆ’ ಎಂದು ಗುರುವಯ್ಯ ಮೂಲೆಯಿಂದ ಹೇಳುತ್ತಾರೆ.

‘ಬೈಯದೆ ಎಂತ ಮಾಡ್ಲಿ? ಆಮೇಲೆ ಅಂಥ ನಿದ್ದೆ ಬಂದಿದ್ದೇ ಇಲ್ಲ ಮಾರಾಯ.’

ಗುರುವಯ್ಯನವರ ಅಳತೆ ಅದೊಂದೇ. ಗಿರಾಕಿ ನಿದ್ದೆ ಹೋದರೆ ಕತ್ತಿ ಸರಿಯಾಗಿದೆ. ಕಣ್ಣು ಬಿಟ್ಟುಕೊಂಡು ಕೂತಿದ್ದರೆ ಎಲ್ಲೋ ಹಿಡಿಯುತ್ತಿದೆ. ಬಾಯಲ್ಲಿ ಚೆನ್ನಾಗಿದೆ ಅಂದರೂ ಅವರು ನಂಬುವವರಲ್ಲ.

ಮದುವೆ ಕತ್ತಿಯಲ್ಲಿ ಕೊನೆಗೆ ಗಡ್ಡ ಮಾಡಿಸಿಕೊಂಡ ಮದುಮಗ ಅವರ ಸ್ವಂತ ಮಗ ಮಲ್ಲಿಕಾರ್ಜುನ. ಮೂವತ್ತೆರಡು ವರ್ಷದ ಹಿಂದಿನ ಮಾತು. ಮದುಮಗಳು ಕಳಸದ ಕಡೆಯ ಹುಡುಗಿ ರಜನಿ. ಮದುವೆಯಾಗಿ ಐದು ತಿಂಗಳಿಗೆ ಆಯುಧ ಪೂಜೆ ಬಂತು. ಆ ಮನೆಯಲ್ಲಿ ಹೆಂಗಸರು ಹಡಪ ಮುಟ್ಟುವುದು ವರ್ಷದಲ್ಲಿ ಅದೊಂದೇ ದಿನ. ಅತ್ತೆ ತೀರಿಕೊಂಡಿದ್ದರು, ಹಾಗಾಗಿ ಕತ್ತಿಗಳಿಗೆ ಕುಂಕುಮ ಇಡುವ ಕೆಲಸ ಹೊಸ ಸೊಸೆಗೆ ಬಂತು. ಒಣ ಕುಂಕುಮ ಉಕ್ಕಿಗೆ ಅಂಟುವುದಿಲ್ಲ. ರಜನಿ ಅದನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಏಳು ಕತ್ತಿಗೂ ದಪ್ಪ ದಪ್ಪ ಬೊಟ್ಟು ಇಟ್ಟರು. ಮದುವೆ ಕತ್ತಿಗೆ ಪ್ರೀತಿ ಜಾಸ್ತಿ. ಅದಕ್ಕೆ ಉದ್ದಕ್ಕೂ ಐದು ಬೊಟ್ಟು, ನಡುವಿನದು ಬಾಯಿಯ ತನಕ ಇಳಿದಿತ್ತು.

ಪೂಜೆಯ ಮಾರನೇ ದಿನ ಬೆಳಿಗ್ಗೆ ಆ ಕುಂಕುಮವನ್ನು ಒಣಬಟ್ಟೆಯಲ್ಲಿ ಒರೆಸಿ ಎಣ್ಣೆ ಹಚ್ಚಬೇಕು. ಒರೆಸುವುದು ಕತ್ತಿ ಹಿಡಿಯುವವರ ಕೆಲಸ, ಬೇರೆಯವರು ಒರೆಸುವಂತಿಲ್ಲ. ಆದರೆ ಅವತ್ತು ರಾತ್ರಿಯೇ ಗುರುವಯ್ಯನವರಿಗೆ ಜ್ವರ ಏರಿತು. ಇಲಿಜ್ವರ. ಆಸ್ಪತ್ರೆಗೆ ಹೋದವರು ತಿರುಗಿ ಬಂದದ್ದು ನಲವತ್ತು ದಿನಕ್ಕೆ. ಆ ವರ್ಷ ಹಿಂಗಾರು ಬಿಡದೆ ಹಿಡಿದಿತ್ತು, ಗೋಡೆಯೆಲ್ಲ ತೇವ. ಮಲ್ಲಿಕಾರ್ಜುನ ಆಗಲೇ ಬ್ಲೇಡು ಸಿಕ್ಕಿಸುವ ಹೊಸ ಕತ್ತಿ ಹಿಡಿದಿದ್ದರು, ಹಳೆಯ ಹಡಪಕ್ಕೆ ಕೈ ಹಾಕಲಿಲ್ಲ. ರಜನಿ ದಿನಾ ಅದರ ಮುಂದೆ ದೀಪ ಹಚ್ಚಿದರು. ಮಾವ ಬದುಕಿ ಬರಲಿ ಎಂದು ಬೇಡಿಕೊಂಡರು. ಪೂಜೆಯ ಕುಂಕುಮ ಒರೆಸಿದರೆ ಏನಾಗುವುದೋ ಎಂಬ ಹೆದರಿಕೆಯಲ್ಲಿ ಚೀಲವನ್ನು ಮಾತ್ರ ಬಿಚ್ಚಲಿಲ್ಲ.

‘ಮಾವ ಬಂದು ಹಡಪ ಬಿಚ್ಚಿದ್ರು. ಏಳೂ ಕತ್ತಿಗೆ ತುಕ್ಕು. ಕೆರೆದು ನೋಡಿದ್ರೆ ಬೊಟ್ಟು ಇಟ್ಟಲ್ಲೆಲ್ಲ ಗುಳಿ. ಬೈತಾರೆ ಅಂತ ನಾನು ಬಾಗಿಲ ಹಿಂದೆ ನಿಂತಿದ್ದೆ. ಅವ್ರು ಒಂದು ಮಾತೂ ಆಡ್ಲಿಲ್ಲ. ಬೈದಿದ್ರೆ ನಾನು ಅವತ್ತೇ ಅತ್ತು ಮರೀತಿದ್ದೆ’ ಎನ್ನುತ್ತಾರೆ ರಜನಿ.

ಆಮೇಲೆ ಗುರುವಯ್ಯನವರೂ ಬ್ಲೇಡಿನ ಕತ್ತಿಗೆ ಬದಲಾದರು. ಗಿರಾಕಿಗಳೇ ಒಬ್ಬೊಬ್ಬರಿಗೆ ಒಂದೊಂದು ಹೊಸ ಬ್ಲೇಡು ಕೇಳುತ್ತಿದ್ದ ಕಾಲ ಅದು, ಹಳೆಯ ಕತ್ತಿ ಹಾಳಾಗದಿದ್ದರೂ ಮೂಲೆ ಸೇರುತ್ತಿತ್ತು. ಆದರೆ ಅದು ಮೂಲೆ ಸೇರಿದ್ದು ತಮ್ಮಿಂದಲೇ ಎಂಬ ಲೆಕ್ಕ ರಜನಿಯ ಮನಸ್ಸಿನಲ್ಲಿತ್ತು.

ಮಸೆಯುವ ಕೈ ಅವರಿಗೆ ಬಂದದ್ದು ಕಾಫಿ ತೋಟದಲ್ಲಿ. ಹತ್ತೊಂಬತ್ತು ವರ್ಷ ಗಿಡಗಸಿಯ ಗುಂಪಿನಲ್ಲಿ ದುಡಿದಿದ್ದಾರೆ. ಕಾಫಿ ಗಿಡದ ಬೇಡದ ರೆಂಬೆ ತೆಗೆಯುವ ಕೆಲಸ ಅದು. ಮೊಂಡು ಕತ್ತಿಯಲ್ಲಿ ಕೊಯ್ದರೆ ತೊಗಟೆ ಸೀಳಿ ಗಿಡಕ್ಕೆ ರೋಗ ಹತ್ತುತ್ತದೆ. ರಜನಿಯ ಕತ್ತಿ ಸಂಜೆಯಾದರೂ ಮೊಂಡಾಗುವುದಿಲ್ಲ ಎಂದು ಮೇಸ್ತ್ರಿಗೆ ಗೊತ್ತಾದ ಮೇಲೆ, ಗುಂಪಿನ ಮೂವತ್ತು ಕತ್ತಿಯೂ ಬೆಳಗಾದರೆ ಅವರ ಮುಂದೆ. ಅಲ್ಲಿ ಕೈ ಕುದುರಿದ ಮೇಲೆ ಒಂದು ಮಂಗಳವಾರ, ಯಾರಿಗೂ ಹೇಳದೆ, ಹಡಪದಿಂದ ಕೂಲಿ ಲೈನಿನ ಕತ್ತಿಯೊಂದನ್ನು ತೆಗೆದರು. ಬೇಗ ಆಗಲಿ ಎಂದು ವೆಲ್ಡಿಂಗ್ ಅಂಗಡಿಯ ಚಕ್ರಕ್ಕೆ ಹಿಡಿಸಿದರು. ಕಿಡಿ ಹಾರಿತು, ಉಕ್ಕು ನೀಲಿ ತಿರುಗಿತು. ಒಮ್ಮೆ ಹಾಗೆ ಕಾದ ಉಕ್ಕು ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲಿಸಿಕೊಳ್ಳುವುದಿಲ್ಲ. ಆ ಕತ್ತಿಯನ್ನು ಅವರು ಎಸೆದಿಲ್ಲ, ಮಸೆಯುವ ಜಾಗದ ಎದುರಿನ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದಾರೆ. ‘ಅವಸರ ಆದಾಗ ಅದನ್ನ ನೋಡ್ತೀನಿ.’

ಅಲ್ಲಿಂದೀಚೆಗೆ ಯಂತ್ರ ಮುಟ್ಟಿಲ್ಲ. ತುಕ್ಕಿಗೆ ಹೊಲಿಗೆ ಮೆಷಿನ್ನಿನ ಎಣ್ಣೆ, ಆಮೇಲೆ ನೀರು ಹಾಕಿ ಉಜ್ಜುವ ಮರಳು ಕಾಗದ, ಆಮೇಲೆ ಮೂರು ಬಗೆಯ ಕಲ್ಲು, ಕೊನೆಗೆ ಚರ್ಮದ ಪಟ್ಟಿ. ಹಿಡಿ ಹುಳ ತಿಂದಿದ್ದರೆ ಹೊಸದು ಮಾಡುತ್ತಾರೆ, ಅದೂ ಕಾಫಿ ಕಟ್ಟಿಗೆಯಲ್ಲಿ. ಬೋರರ್ ಹುಳ ಹತ್ತಿ ಕಿತ್ತುಹಾಕಿದ ಹಳೆಯ ಗಿಡದ ಬುಡ ಸಿಕ್ಕರೆ ಅವರಿಗೆ ಹಬ್ಬ. ಹುಳ ಮುಟ್ಟದ ಕಡೆ ಅದು ಮೂಳೆಯಷ್ಟು ಗಟ್ಟಿ, ಉಜ್ಜಿದರೆ ಬೆಣ್ಣೆಯ ಬಣ್ಣ. ಒಂದು ಕತ್ತಿಗೆ ಕಡಿಮೆ ಎಂದರೂ ಮೂರು ವಾರ ಬೇಕು. ದಿನಾ ಬೆಳಿಗ್ಗೆ ಸಲೂನು ತೆರೆಯುವ ಮುಂಚೆ ಒಂದು ಗಂಟೆ, ಮಂಗಳವಾರ ಇಡೀ ದಿನ. ದಿನಕ್ಕೆ ನಲವತ್ತು ಬೀಜ, ಅಂದರೆ ಎಂಟುನೂರು ಎಳೆತ. ಹೀಗೆ ಬೇರೆಯವರಿಗೆ ಮಾಡಿಕೊಟ್ಟದ್ದು ನೂರ ನಲವತ್ತಕ್ಕೂ ಮೇಲೆ. ತಾವೇ ಹುಡುಕಿ ತಂದು ಇಟ್ಟುಕೊಂಡಿರುವುದು ಅರವತ್ತೊಂದು. ಗುಜರಿ ಅಂಗಡಿ, ಎಸ್ಟೇಟ್ ಬಂಗಲೆಗಳ ಅಟ್ಟ, ಯಾರದೋ ಹೊಲಿಗೆ ಡಬ್ಬಿ, ಒಂದಂತೂ ದನದ ಕೊಟ್ಟಿಗೆಯ ಸಂದಿ. ಇಂಗ್ಲೆಂಡಿನವು, ಜರ್ಮನಿಯವು, ಊರಿನ ಕಮ್ಮಾರರು ಮಾಡಿದವು. ಒಂದೊಂದಕ್ಕೂ ಅದು ಸಿಕ್ಕ ಮನೆಯ ಹೆಸರು ಬರೆದ ಚೀಟಿ ಕಟ್ಟಿ, ಕಾಫಿ ಕಟ್ಟಿಗೆಯ ಇದ್ದಿಲು ತುಂಬಿದ ತಗಡಿನ ಡಬ್ಬದಲ್ಲಿ ಇಡುತ್ತಾರೆ. ಇದ್ದಿಲು ತೇವ ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಆ ಇದ್ದಿಲನ್ನು ಬಚ್ಚಲ ಒಲೆಗೆ ಹಾಕಿ ಹೊಸದು ತುಂಬುವುದು.

ಇಷ್ಟು ಕತ್ತಿ ಕೈಯಲ್ಲಿ ಹಾದುಹೋದ ಮೇಲೆ ರಜನಿಗೆ ಒಂದು ಸಂಗತಿ ಗೊತ್ತಾಗಿದೆ. ತಾವು ಮಾಡಿದ ತಪ್ಪು ತಮ್ಮೊಬ್ಬರದಲ್ಲ. ಬಂದ ಕತ್ತಿಗಳಲ್ಲಿ ಅರ್ಧಕ್ಕರ್ಧ ಅದೇ ಗುಳಿಗಳು, ಸಾಲಾಗಿ, ಬೊಟ್ಟಿನ ಗಾತ್ರದವು. ಎಲ್ಲೋ ಒಂದು ಮನೆಯಲ್ಲಿ ಯಾವಳೋ ಒಬ್ಬಳು ಭಕ್ತಿಯಿಂದ ಇಟ್ಟದ್ದು, ಯಾರೋ ಒಬ್ಬರು ಒರೆಸಲು ಮರೆತದ್ದು.

ಅತ್ತಿಗುಂಡಿಯಲ್ಲಿ ಹೋಂಸ್ಟೇ ನಡೆಸುವ ದರ್ಶನ್ ಹೋದ ತಿಂಗಳು ತಾತನ ಎರಡು ಕತ್ತಿ ತಂದಿದ್ದರು. ಗಾಜಿನ ಚೌಕಟ್ಟಿನಲ್ಲಿಟ್ಟು ಗೋಡೆಗೆ ಹಾಕುವ ಆಸೆ.

‘ಅಕ್ಕ, ಕನ್ನಡಿ ಹಂಗೆ ಹೊಳೀಬೇಕು. ಈ ಚುಕ್ಕಿ ಎಲ್ಲ ತೆಗೆದ್ಬಿಡಿ.’

‘ಚುಕ್ಕಿ ಎಲ್ಲ ತೆಗೆದ್ರೆ ಕತ್ತಿ ಎಂತ ಉಳೀತದೆ ಮಾರಾಯ್ರೆ? ಇದು ನಿಮ್ಮಜ್ಜಿ ಇಟ್ಟ ಕುಂಕುಮ. ಬಾಯಿ ಹತ್ರ ಇರೋದನ್ನ ತೆಗೀತೀನಿ, ಮೈಮೇಲಿಂದು ಇರ್ಲಿ.’

‘ಬರೋ ಗೆಸ್ಟಿಗೆ ಅದೆಲ್ಲ ಹೆಂಗೆ ಗೊತ್ತಾಗ್ತದೆ?’

‘ಕಾಫಿ ಕೊಡುವಾಗ ನೀವೇ ಹೇಳಿ. ಬರೀ ಹೊಳೆಯೋದೇ ಬೇಕಾದ್ರೆ ಒಂದು ಸ್ಟೀಲ್ ಲೋಟ ನೇತಾಕಿ.’

ದರ್ಶನ್ ನಕ್ಕು ಒಪ್ಪಿಕೊಂಡರಂತೆ. ಈಗ ಅವರ ಗೋಡೆಯ ಮೇಲೆ ಆ ಎರಡು ಕತ್ತಿಗಳು ಅಜ್ಜಿಯ ಬೊಟ್ಟಿನ ಸಮೇತ ಇವೆ.

ಹಡಪದ ಏಳರಲ್ಲಿ ಒಂದು ಚಕ್ರಕ್ಕೆ ಹೋಯಿತು, ಐದು ಸರಿಯಾದವು. ಮದುವೆ ಕತ್ತಿಗೆ ಕೈ ಹಾಕಲು ಮಾತ್ರ ರಜನಿಗೆ ಧೈರ್ಯ ಬಂದಿರಲಿಲ್ಲ. ಅದರ ಗುಳಿ ಬಾಯಿಯಲ್ಲೇ ಇತ್ತು. ಅದು ಹೋಗಬೇಕಾದರೆ ಇಡೀ ಬಾಯಿಯನ್ನೇ ಗುಳಿಯ ಬುಡದ ತನಕ ಸವೆಸಬೇಕು, ಈ ತುದಿಯಿಂದ ಆ ತುದಿಗೆ, ಒಂದು ಕಡೆಯೂ ಹೆಚ್ಚು ಕಡಿಮೆ ಆಗದಂತೆ. ಹೆಬ್ಬೆರಳಗಲದ ಕತ್ತಿ ಕಿರುಬೆರಳಗಲ ಆಗುತ್ತದೆ. ಅಷ್ಟಾದ ಮೇಲೂ ಗುಳಿಯ ಬೇರು ಉಳಿದಿದ್ದರೆ ಮತ್ತೆ ಸವೆಸಲು ಉಕ್ಕು ಇರುವುದಿಲ್ಲ. ಅಲ್ಲಿಗೆ ಮುಗಿಯಿತು.

ಹೋದ ಸಂಕ್ರಾಂತಿಗೆ ಗುರುವಯ್ಯನವರ ಕಣ್ಣಿನ ಪೊರೆ ಬಲಿತು, ಕೈ ನಡುಗುವುದು ಜಾಸ್ತಿಯಾಯಿತು. ಮಗ ಮೂರು ದಿನಕ್ಕೊಮ್ಮೆ ಬ್ಲೇಡಿನಲ್ಲಿ ಗಡ್ಡ ಮಾಡುತ್ತಾರೆ. ಪ್ರತಿ ಸಲವೂ ತಂದೆಯ ಗೊಣಗಾಟ ಇದ್ದದ್ದೇ. ‘ತೆಂಗಿನಕಾಯಿ ತುರಿದಂಗೆ ತುರೀತಾನೆ. ಒಂದು ಸಲ ಸರಿಯಾದ ಕತ್ತಿಲಿ ಮಾಡಿಸ್ಕೊಂಡು ಹೋದ್ರೆ ಸಾಕು.’ ಎಲ್ಲಿಗೆ ಹೋಗುವುದೆಂದು ಯಾರೂ ಕೇಳಲಿಲ್ಲ. ಮಾರನೇ ದಿನ ಬೆಳಿಗ್ಗೆ ರಜನಿ ಮದುವೆ ಕತ್ತಿಯನ್ನು ಕಲ್ಲಿನ ಮೇಲೆ ಇಟ್ಟರು. ಒಂಬತ್ತು ತಿಂಗಳಾಯಿತು.

ಈ ಒಂಬತ್ತು ತಿಂಗಳೂ ಮನೆಯಲ್ಲಿ ಒಂದು ಜಗಳ ನಡೆದೇ ಇದೆ. ಮೂವತ್ತೆರಡು ವರ್ಷ ಮಾವ ಸೊಸೆ ಇಬ್ಬರೂ ಬಾಯಿ ಬಿಡದೆ ಇಟ್ಟುಕೊಂಡಿದ್ದ ಜಗಳ ಅದು.

‘ಕುಂಕುಮ ಕಲಸಿ ಇಟ್ಟೋಳು ನಾನು ಮಾವ.’

‘ಇಡೋದು ನಿನ್ನ ಕೆಲ್ಸ, ಇಟ್ಟೆ. ಒರೆಸೋದು ನನ್ನ ಕೆಲ್ಸ, ನಾನು ಒರೆಸ್ಲಿಲ್ಲ.’

‘ನೀವು ಜ್ವರದಲ್ಲಿ ಜ್ಞಾನ ಇಲ್ದೆ ಮಲಗಿದ್ರಿ.’

‘ಕತ್ತಿಗೆ ಅದೆಲ್ಲ ಗೊತ್ತಾಗ್ತದಾ ಮಾರಾಯ್ತಿ?’

ಮಲ್ಲಿಕಾರ್ಜುನ ನಡುವೆ ಕುಳಿತು ಊಟ ಮಾಡುತ್ತಾರೆ. ‘ಒಂದಿನ ಇವ್ರು ಗೆಲ್ತಾರೆ, ಒಂದಿನ ಅವ್ರು. ತಪ್ಪು ನಂದೇ ಅಂದ್ಬಿಟ್ಟೆ ಒಂದ್ಸಲ, ಚೀಲ ಬಿಚ್ಚಿ ನೋಡ್ಬೋದಿತ್ತಲ್ಲ ನಾನು. ಇಬ್ರೂ ಸೇರಿ ನನ್ನ ಬಾಯಿ ಮುಚ್ಚಿಸಿದ್ರು.’

ಮಂಗಳವಾರ ಹತ್ತು ಗಂಟೆಗೆ ಲೋಟದ ಕೊನೆಯ ಬೀಜವೂ ಆಚೆ ಬೀಳುತ್ತದೆ. ರಜನಿ ಕತ್ತಿಯನ್ನು ಚರ್ಮದ ಪಟ್ಟಿಗೆ ಅರವತ್ತು ಸಲ ಎಳೆದು, ಕೊನೆಗೆ ಮಾವ ಮಾಡುತ್ತಿದ್ದ ಹಾಗೆ ಎಡ ಅಂಗೈ ಮೇಲೆ ಎಂಟು ಸಲ ಆಡಿಸುತ್ತಾರೆ. ಮಂಗಳವಾರ ಕ್ಷೌರ ಮಾಡುವ ಹಾಗಿಲ್ಲ. ಇನ್ನು ಕಾಯುವುದೊಂದೇ ಕೆಲಸ.

ಬುಧವಾರ ಆರೂವರೆಗೆ ಶಟರ್ ಪೂರ್ತಿ ಮೇಲೆ ಹೋಗಿದೆ. ಗುರುವಯ್ಯ ಬಿಳಿ ಪಂಚೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು, ಮದುಮಗನ ಹಾಗೆ ಕುರ್ಚಿಯಲ್ಲಿ ಕುಳಿತಿದ್ದಾರೆ. ಕತ್ತಿ ಕೇಳಿ ತೆಗೆದುಕೊಂಡು ಮೊದಲು ಹಿಡಿಯನ್ನು ತಡವುತ್ತಾರೆ. ‘ಕೋಣನ ಕೊಂಬಿತ್ತು ಇದಕ್ಕೆ.’

‘ಹುಳ ತಿಂದಿತ್ತು ಮಾವ. ಕಾಫಿ ಕಟ್ಟಿಗೆ ಹಾಕಿದ್ದೀನಿ.’

‘ಹಗುರ ಆಗಿದೆ.’ ಕತ್ತಿಯನ್ನು ಕಿವಿಯ ಹತ್ತಿರ ಹಿಡಿದು ಬಾಯಿಯನ್ನು ಉಗುರಿನಿಂದ ಮೆಲ್ಲಗೆ ಮೀಟುತ್ತಾರೆ. ಸಣ್ಣ ನಾದ ಬರುತ್ತದೆ. ಇನ್ನೊಮ್ಮೆ ಮೀಟಿ ಕೇಳುತ್ತಾರೆ. ‘ಬಾಯಿ ಬಂದಿದೆ. ಮುಖಕ್ಕೆ ಎಂತ ಹೇಳ್ತದೋ ನೋಡುವ.’

ತಾವೇ ಮಾಡಿಕೊಳ್ಳೋಣವೆಂದು ಕತ್ತಿ ಎತ್ತಿದರೆ ಕೈ ನಡುಗುತ್ತದೆ. ಮಗನಿಗೆ ಕೊಡುತ್ತಾರೆ. ಮಲ್ಲಿಕಾರ್ಜುನ ನೊರೆ ಹಚ್ಚಿ ಕೆನ್ನೆಗೆ ಕತ್ತಿ ತಾಗಿಸುತ್ತಲೇ ಗುರುವಯ್ಯ ಕೈ ಅಡ್ಡ ತರುತ್ತಾರೆ.

‘ಬೇಡ ಬಿಡು. ಬ್ಲೇಡು ಒತ್ತಿದಂಗೆ ಒತ್ತುತಿದ್ದೀಯ. ಇದು ಒತ್ತೋ ಕತ್ತಿ ಅಲ್ಲ. ಅವಳ ಕೈಗೆ ಕೊಡು.’

‘ನಾನಾ ಮಾವ?’

‘ಒಂಬತ್ತು ತಿಂಗಳು ಅದರ ಜೊತೆ ಇದ್ದೋಳು ನೀನಲ್ದಾ?’

‘ಸೊಸೆ ಮಾವನ ಗಡ್ಡ ಮಾಡಿದ್ಲು ಅಂತ ಬಣಕಲ್ಲೆಲ್ಲ ಮಾತಾಗ್ತದೆ.’

‘ಆಗ್ಲಿ. ಮಳೆ ಬಗ್ಗೆ ಮಾತಾಡಿ ಮಾತಾಡಿ ಅವರಿಗೂ ಬೇಜಾರಾಗಿದೆ.’

‘ಗಾಯ ಆದ್ರೆ?’

‘ಪಟಿಕ ಅಲ್ಲೇ ಇದೆ. ಮೂವತ್ತೆರಡು ವರ್ಷ ಕಾದಿದ್ದೀನಿ ಮಗಾ, ಈ ನೊರೆ ಒಣಗೋ ತನಕ ಕಾಯೋಕಾಗಲ್ಲ.’

ರಜನಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಎಡಗೈಯ ಎರಡು ಬೆರಳಿನಿಂದ ಮಾವನ ಕೆನ್ನೆಯ ಚರ್ಮವನ್ನು ಮೇಲಕ್ಕೆ ಎಳೆದು, ಕಿವಿಯ ಕೆಳಗೆ ಕತ್ತಿ ಇಡುತ್ತಾರೆ. ಒತ್ತುವುದಿಲ್ಲ. ಕತ್ತಿಯ ತೂಕಕ್ಕೆ ಕತ್ತಿಯೇ ಇಳಿಯುತ್ತದೆ. ಒಣಗಿದ ಎಲೆಯ ಮೇಲೆ ಇರುವೆ ಸಾಲು ಹೋದಷ್ಟು ಸದ್ದು. ಒಂದು ಪಟ್ಟೆ ನೊರೆ ಹೋದಲ್ಲಿ ಚರ್ಮ ಕಾಣುತ್ತದೆ, ಎಲ್ಲೂ ಕೆಂಪಿಲ್ಲ. ಬಲಗೆನ್ನೆ ಆಯಿತು, ಎಡಗೆನ್ನೆ ಆಯಿತು. ಇನ್ನು ಗಂಟಲು. ಗಂಟಲಿನ ಗಂಟಿನ ಮೇಲೆ ಹಾಯುವುದು ಕತ್ತಿಯ ಅದೇ ಜಾಗ, ತುದಿಯಿಂದ ಎರಡು ಬೆರಳು ಈಚೆಗಿನದು. ರಜನಿ ಕತ್ತಿ ಒರೆಸಿ, ಒಮ್ಮೆ ಬೆಳಕಿಗೆ ಹಿಡಿದು ನೋಡುತ್ತಾರೆ. ಗೋಡೆಯ ಮೇಲಿನ ನೀಲಿ ಕತ್ತಿಯನ್ನೂ ನೋಡುತ್ತಾರೆ. ಆಮೇಲೆ ಒಂದೇ ಎಳೆತದಲ್ಲಿ ಇಳಿಸುತ್ತಾರೆ.

ಕುರ್ಚಿಯ ಹಿಡಿ ಹಿಡಿದಿದ್ದ ಗುರುವಯ್ಯನವರ ಕೈ ಜಾರಿ ತೊಡೆಯ ಮೇಲೆ ಬೀಳುತ್ತದೆ. ಮಲ್ಲಿಕಾರ್ಜುನ ಗಾಬರಿಯಾಗಿ ಒಂದು ಹೆಜ್ಜೆ ಮುಂದೆ ಬರುತ್ತಾರೆ. ‘ಅಪ್ಪಾ?’

ರಜನಿಯ ಕೈ ಗಾಳಿಯಲ್ಲೇ ನಿಲ್ಲುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಕುರ್ಚಿಯಿಂದ ಸಣ್ಣಗೆ, ಎಳೆದು ಎಳೆದು, ಗೊರಕೆ ಕೇಳಿಸುತ್ತದೆ.

ಹೊರಗೆ ಜೀಪು ನಿಲ್ಲಿಸಿ ಬಂದ ಡ್ರೈವರೊಬ್ಬ ‘ಓಪನ್ ಆಯ್ತಾ?’ ಎನ್ನುತ್ತಾನೆ. ಮಲ್ಲಿಕಾರ್ಜುನ ತುಟಿಯ ಮೇಲೆ ಬೆರಳಿಟ್ಟು ಬೆಂಚು ತೋರಿಸುತ್ತಾರೆ. ರಜನಿ ಉಳಿದ ನೊರೆ ತೆಗೆದು, ಬೆಚ್ಚನೆ ಬಟ್ಟೆಯಲ್ಲಿ ಮಾವನ ಮುಖ ಒತ್ತುತ್ತಾರೆ. ಬಟ್ಟೆ ಬಿಳಿಯಾಗಿಯೇ ಇದೆ. ಕಾಲು ಗಂಟೆ ಬಣಕಲ್ಲಿನ ಆ ಸಲೂನಿನಲ್ಲಿ ಮೂವರೂ ಒಬ್ಬ ಮುದುಕನ ಗೊರಕೆ ಕೇಳುತ್ತಾ ಕಾಯುತ್ತಾರೆ.

ಧರ್ಮಸ್ಥಳದ ಬಸ್ಸಿನ ಹಾರನ್ನಿಗೆ ಗುರುವಯ್ಯ ಎಚ್ಚರಗೊಳ್ಳುತ್ತಾರೆ. ಅಂಗೈ ಹಿಂಭಾಗದಿಂದ ಎರಡೂ ಕೆನ್ನೆ, ಗಂಟಲು ಸವರಿಕೊಳ್ಳುತ್ತಾರೆ.

‘ಕತ್ತಿ ಒರೆಸಿದ್ಯಾ?’

‘ಒರೆಸಿದೆ ಮಾವ. ಎಣ್ಣೆನೂ ಹಚ್ಚಿದೆ.’

‘ಹಡಪದಲ್ಲಿ ಇಡ್ಬೇಡ. ನಿನ್ನ ಡಬ್ಬದಲ್ಲೇ ಇಟ್ಕೋ.’ ಕುರ್ಚಿಯಿಂದ ಏಳಲು ಮಗನ ತೋಳು ಹಿಡಿಯುತ್ತಾರೆ. ‘ಬರೋ ವಾರ ಆಯುಧ ಪೂಜೆ ಅಲ್ವಾ. ಕುಂಕುಮ ನೀನೇ ಇಡು. ಮಾರನೇ ದಿನ ಒರೆಸೋದೂ ನೀನೇ.’

ರಜನಿ ಕತ್ತಿಯನ್ನು ಮಡಚುತ್ತಾರೆ. ಮಡಚಿದ್ದನ್ನು ಮತ್ತೊಮ್ಮೆ ಬಿಚ್ಚಿ ಮಡಚುತ್ತಾರೆ.

‘ಚಿಕ್ಕದಾಗಿ ಇಡ್ತೀನಿ ಮಾವ.’